ಕುದಿ ಬಂದ ಮೇಲೆ: ವಿದ್ಯುತ್ ಒಲೆ ಮತ್ತು ಹಿತಮಿತದ ಅಡುಗೆ



ದತ್ತಿ ಉಪನ್ಯಾಸಕ್ಕೆ ಅಡುಗೆಮನೆಯ ಒಲೆ ವಿಷಯವಾಗಬಹುದೇ ಎಂದು ಕೆಲವರಿಗೆ ಅನ್ನಿಸಿರಬಹುದು. ಕನ್ನಡ ನಾಡಿನಲ್ಲಿ ವಿದ್ಯುತ್ತಿನ ಚರಿತ್ರೆ ಹೇಳುವಾಗ ನಾವು 1902ರ ಶಿವನಸಮುದ್ರದಿಂದ ಆರಂಭಿಸುತ್ತೇವೆ. ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಗಿ ಬಂತು. ಆಮೇಲೆ ಮನೆಯೊಳಗೆ ದೀಪ, ರೇಡಿಯೋ, ಫ್ಯಾನು, ಮಿಕ್ಸಿ, ಫ್ರಿಜ್ಜು ಒಂದೊಂದಾಗಿ ಬಂದವು. ಒಲೆಯ ಹತ್ತಿರ ಮಾತ್ರ ಅದು ಬಹಳ ತಡವಾಗಿ ಬಂತು. ಸೌದೆ, ಇದ್ದಿಲು, ಸೀಮೆಎಣ್ಣೆ, ಗ್ಯಾಸು ಎಲ್ಲವೂ ಆದ ಮೇಲೆ ಈಗ ಇಂಡಕ್ಷನ್ ಒಲೆ ಗ್ಯಾಸ್ ಕಟ್ಟೆಯ ಪಕ್ಕದಲ್ಲಿ ಜಾಗ ಕೇಳುತ್ತಿದೆ. ಹೊಸದಾಗಿ ಬಂದ ಈ ಒಲೆಯನ್ನು ಹಳೆಯ ಉರಿಯ ರೂಢಿಯಲ್ಲೇ ಬಳಸಿದರೆ ಅದರ ಗುಣ ನಮಗೆ ದಕ್ಕುವುದಿಲ್ಲ. ಇಂದಿನ ನನ್ನ ಮಾತಿಗೆ ಇದೇ ಕಾರಣ.

ಉಪನ್ಯಾಸವನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಅಡುಗೆಗೆ ನಿಜವಾಗಿ ಎಷ್ಟು ಶಾಖ ಬೇಕು ಎಂಬ ಲೆಕ್ಕ ಮೊದಲನೆಯದು. ವಿದ್ಯುತ್ ಒಲೆಗಳ ಬಗೆ ಮತ್ತು ಅವುಗಳ ಸ್ವಭಾವ ಎರಡನೆಯದು. ನಮ್ಮ ಅನ್ನ, ಬೇಳೆ, ಮುದ್ದೆ, ದೋಸೆಗಳಿಗೆ ಈ ಒಲೆಯನ್ನು ಹೊಂದಿಸಿಕೊಳ್ಳುವ ಬಗೆ ಮೂರನೆಯದು. ಕೊನೆಯದಾಗಿ ಬಿಲ್ಲು, ಮನೆಯ ವೈರಿಂಗು ಮತ್ತು ನಾಡಿನ ವಿದ್ಯುತ್ ವ್ಯವಸ್ಥೆಯ ವಿಚಾರ. ಯಾವ ಕಂಪನಿಯ ಒಲೆ ಕೊಳ್ಳಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಲೆ ಯಾವುದೇ ಇರಲಿ, ಉಳಿತಾಯದ ದೊಡ್ಡ ಪಾಲು ಇರುವುದು ಕುದಿ ಬಂದ ಮೇಲಿನ ನಮ್ಮ ನಡವಳಿಕೆಯಲ್ಲಿ. ಈ ಒಂದು ಮಾತನ್ನು ಸಾಧಿಸಿ ತೋರಿಸುವುದಷ್ಟೇ ನನ್ನ ಕೆಲಸ.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಸಾವಿರ ವಾಟಿನ ಒಲೆ ಒಂದು ಗಂಟೆ ಉರಿದರೆ ಮೀಟರಿನಲ್ಲಿ ಒಂದು ಯೂನಿಟ್ ಏರುತ್ತದೆ. ಈಗ ಒಂದು ಲೀಟರು ನೀರನ್ನು ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿರುವ ಆ ನೀರನ್ನು 100 ಡಿಗ್ರಿಗೆ ಏರಿಸಲು, ಏನೂ ಸೋರಿಕೆಯಿಲ್ಲವೆಂದು ಇಟ್ಟುಕೊಂಡರೆ, ಸುಮಾರು 0.09 ಯೂನಿಟ್ ಸಾಕು. ಅದೇ ಒಂದು ಲೀಟರನ್ನು ಪೂರ್ತಿ ಆವಿ ಮಾಡಿ ಹಾರಿಸಬೇಕಾದರೆ ಮತ್ತೆ 0.63 ಯೂನಿಟ್ ಬೇಕು. ಎಂದರೆ ಕುದಿಗೆ ತರುವ ಖರ್ಚಿಗಿಂತ ಆವಿಯಾಗಿಸುವ ಖರ್ಚು ಏಳು ಪಟ್ಟು ಹೆಚ್ಚು. ಅಡುಗೆಯ ಶಕ್ತಿಶಾಸ್ತ್ರವೆಲ್ಲ ಈ ಎರಡು ಸಂಖ್ಯೆಗಳ ನಡುವೆ ಇದೆ.

ತೆರೆದ ಪಾತ್ರೆಯಲ್ಲಿ ಕುದಿಯುತ್ತಿರುವ ನೀರಿಗೆ ಉರಿ ಎಷ್ಟೇ ಹೆಚ್ಚಿಸಿದರೂ ಅದರ ತಾಪ ಏರುವುದಿಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ಅದು 100 ಡಿಗ್ರಿಯಲ್ಲಿ ನಿಲ್ಲುತ್ತದೆ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ ನಿಲ್ಲುತ್ತದೆ. ಬೇಳೆ ಬೇಯುವುದು ತಾಪದಿಂದ ಮತ್ತು ಕಾಲದಿಂದ, ಗುಳ್ಳೆಗಳ ಆರ್ಭಟದಿಂದಲ್ಲ. ಕೊತಕೊತ ಕುದಿಯುವ ಸಾರಿನೊಳಗಿನ ಬೇಳೆಯೂ ಸಣ್ಣಗೆ ಕುದಿಯುವ ಸಾರಿನ ಬೇಳೆಯೂ ಒಂದೇ ಹೊತ್ತಿಗೆ ಬೇಯುತ್ತವೆ. ಕುದಿ ಬಂದ ಮೇಲೆ ಒಲೆಗೆ ಉಳಿದಿರುವ ಕೆಲಸ ಪಾತ್ರೆಯ ಮೈಯಿಂದ, ಬಾಯಿಂದ ಸೋರುವಷ್ಟು ಶಾಖವನ್ನು ತುಂಬಿಕೊಡುವುದು ಮಾತ್ರ. ತೂತಿರುವ ಹಂಡೆಯಲ್ಲಿ ನೀರಿನ ಮಟ್ಟ ಕಾಯಲು ಸೋರಿದಷ್ಟನ್ನು ಸುರಿದರೆ ಸಾಕಲ್ಲವೇ, ಹಾಗೆ. ಅದಕ್ಕಿಂತ ಹೆಚ್ಚು ಸುರಿದದ್ದೆಲ್ಲ ಹೊರಗೇ ಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕುದಿ ಬಂದ ಪಾತ್ರೆಯ ಕೆಳಗೆ, ಅಗತ್ಯಕ್ಕಿಂತ 1,200 ವಾಟು ಹೆಚ್ಚಿಗೆ ಹತ್ತು ನಿಮಿಷ ಉರಿಯಿತೆಂದು ಭಾವಿಸೋಣ. ವ್ಯರ್ಥವಾದದ್ದು 0.2 ಯೂನಿಟ್. ಎರಡು ಲೀಟರು ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖ 0.18 ಯೂನಿಟ್ಟಿಗಿಂತ ಕಡಿಮೆ. ಅಡುಗೆಯವರು ತರಕಾರಿ ಹೆಚ್ಚುತ್ತಾ ಉರಿ ತಗ್ಗಿಸಲು ಮರೆತ ಆ ಹತ್ತು ನಿಮಿಷದಲ್ಲಿ, ಇನ್ನೊಂದು ಪಾತ್ರೆಯನ್ನು ಕುದಿಸಬಹುದಾಗಿದ್ದ ಶಕ್ತಿ ಹಬೆಯಾಗಿ ಕಿಟಕಿ ದಾಟಿರುತ್ತದೆ.

ಇದರಿಂದ ಹುಟ್ಟುವ ನಿಯಮಗಳು ಸರಳ. ಪಾತ್ರೆಗೆ ಮುಚ್ಚಳ ಇರಲಿ. ಬೇಕಾದಷ್ಟೇ ನೀರು ಇಡಿ. ಕುದಿ ಬರುವ ತನಕ ದೊಡ್ಡ ಉರಿ, ಬಂದೊಡನೆ ಸಣ್ಣ ಉರಿ. ಫ್ರಿಜ್ಜಿನಿಂದ ತೆಗೆದದ್ದನ್ನು ತುಸು ಹೊತ್ತು ಹೊರಗಿಟ್ಟು ಒಲೆಗೆ ಏರಿಸಿ. 4 ಡಿಗ್ರಿಯ ನೀರನ್ನು ಕುದಿಸುವುದಕ್ಕೂ 25 ಡಿಗ್ರಿಯ ನೀರನ್ನು ಕುದಿಸುವುದಕ್ಕೂ ಕಾಲು ಭಾಗಕ್ಕಿಂತ ಹೆಚ್ಚಿನ ಅಂತರವಿದೆ. ಹಾಲು, ಮಾಂಸದಂಥ ಬೇಗ ಕೆಡುವ ಪದಾರ್ಥಗಳಿಗೆ ಮಾತ್ರ ಈ ಸಲಹೆ ಅನ್ವಯಿಸಬೇಡಿ. ಅಲ್ಲಿ ಆರೋಗ್ಯದ ಲೆಕ್ಕವೇ ಮೇಲು.

ಇಷ್ಟು ಶಾಖದ ಮಾತಾಯಿತು. ಇನ್ನು ಎರಡನೆಯ ಭಾಗ: ಒಲೆಗಳ ಸ್ವಭಾವ.

ವಿದ್ಯುತ್ ಒಲೆ ಎಂಬ ಒಂದೇ ಹೆಸರಿನ ಕೆಳಗೆ ಕನಿಷ್ಠ ಮೂರು ಜಾತಿಗಳಿವೆ. ಮೊದಲನೆಯದು ಸುರುಳಿ ಒಲೆ, ನಾವು ಕಾಯಿಲ್ ಅಥವಾ ಹಾಟ್ ಪ್ಲೇಟ್ ಎನ್ನುವುದು. ಇದರ ಜೀವ ನೈಕ್ರೋಮ್ ತಂತಿ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಈ ಲೋಹಕ್ಕೆ 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ಸಿಕ್ಕಮೇಲೆ ವಿದ್ಯುತ್ ಒಲೆ, ಟೋಸ್ಟರು, ಇಸ್ತ್ರಿಪೆಟ್ಟಿಗೆಗಳು ಮನೆಬಳಕೆಗೆ ಗಟ್ಟಿಯಾದವು. ಎರಡನೆಯದು ಗಾಜಿನ ಹಲಗೆಯ ಕೆಳಗೆ ತಂತಿ ಕೆಂಪಾಗಿ ಹೊಳೆಯುವ ಇನ್‌ಫ್ರಾರೆಡ್ ಒಲೆ. ಮೂರನೆಯದು ಇಂಡಕ್ಷನ್.

ಮೊದಲ ಎರಡರಲ್ಲಿ ಒಲೆ ಮೊದಲು ತಾನು ಕಾದು ಆಮೇಲೆ ಪಾತ್ರೆಯನ್ನು ಕಾಯಿಸುತ್ತದೆ. ಆದ್ದರಿಂದ ಪಾತ್ರೆಯ ತಳಕ್ಕೂ ಒಲೆಗೂ ನಡುವೆ ಗಾಳಿಯ ಸಂದಿ ಇರಬಾರದು. ತಳ ಉಬ್ಬಿದ ಅಥವಾ ತಗ್ಗಿದ ಪಾತ್ರೆ ಈ ಒಲೆಗಳ ಶತ್ರು. ಪಾತ್ರೆಯ ಅಗಲವೂ ಮುಖ್ಯ. 20 ಸೆಂಟಿಮೀಟರ್ ಅಗಲದ ಸುರುಳಿಯ ಮೇಲೆ 15 ಸೆಂಟಿಮೀಟರ್ ಪಾತ್ರೆ ಇಟ್ಟರೆ, ಸುರುಳಿಯ ವಿಸ್ತೀರ್ಣದಲ್ಲಿ ಶೇ 44ರಷ್ಟು ಪಾತ್ರೆಯ ಹೊರಗೇ ಉಳಿಯುತ್ತದೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರ ಅನೇಕ ಮನೆಗಳಲ್ಲಿ ನಾಲ್ಕು ಸುರುಳಿಗಳೂ ಕೆಳಗೆ ಓವನ್ನೂ ಇರುವ ದೊಡ್ಡ ಒಲೆಯೇ ಇರುತ್ತದೆ. ಅಲ್ಲಿ ಸಣ್ಣ ಪಾತ್ರೆಗೆ ಸಣ್ಣ ಸುರುಳಿ, ದೊಡ್ಡದಕ್ಕೆ ದೊಡ್ಡದು ಎಂಬ ಎಚ್ಚರವೊಂದೇ ಸಾಕಷ್ಟು ಉಳಿಸುತ್ತದೆ. ಸುರುಳಿಯ ಕೆಳಗಿನ ತಟ್ಟೆ ಹೊಳೆಯುತ್ತಿದ್ದರೆ ಶಾಖವನ್ನು ಮೇಲಕ್ಕೆ ಮರಳಿಸುತ್ತದೆ; ಉಕ್ಕಿದ ಹಾಲು ಅಲ್ಲಿ ಕರಿಕಾದರೆ ಶಾಖವನ್ನು ತಾನೇ ನುಂಗುತ್ತದೆ. ಓವನ್ನಿನ ಬಾಗಿಲನ್ನು ಪದೇ ಪದೇ ತೆರೆದು ಇಣುಕಿದರೆ ಒಳಗಿನ ಬಿಸಿಗಾಳಿ ಹೊರಬೀಳುತ್ತದೆ. ಗಾಜಿನ ಕಿಟಕಿ, ಒಳದೀಪ ಇರುವುದು ಅದಕ್ಕಾಗಿಯೇ.

ಸುರುಳಿ ಒಲೆಗೆ ಇನ್ನೊಂದು ಗುಣವಿದೆ. ಸ್ವಿಚ್ಚು ಆರಿಸಿದ ಮೇಲೂ ಅದು ಹಲವು ನಿಮಿಷ ಬಿಸಿಯಾಗಿಯೇ ಇರುತ್ತದೆ. ಆದಕಾರಣ ಪಲ್ಯ ಬೇಯಲು ನಾಲ್ಕೈದು ನಿಮಿಷ ಇರುವಾಗಲೇ ಆರಿಸಿಬಿಡಬಹುದು. ಉಳಿದ ಬಿಸಿ ಕೆಲಸ ಮುಗಿಸುತ್ತದೆ.

ಇಂಡಕ್ಷನ್ ಒಲೆಯ ದಾರಿಯೇ ಬೇರೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ. ಅದರಿಂದ ಪಾತ್ರೆಯ ತಳದ ಲೋಹದಲ್ಲೇ ಸುಳಿಪ್ರವಾಹಗಳು ಎದ್ದು ಪಾತ್ರೆ ತಾನೇ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ. ಹೀಗಾಗಿ ಒಲೆ ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇ 85ರ ಆಸುಪಾಸು ಅಡುಗೆಗೆ ಸೇರುತ್ತದೆ. ಗ್ಯಾಸ್ ಉರಿಯ ಶಾಖದಲ್ಲಿ ಸಾಕಷ್ಟು ಪಾಲು ಪಾತ್ರೆಯ ಪಕ್ಕದಿಂದ ಮೇಲೆ ಹೋಗಿ ಅಡುಗೆಮನೆಯನ್ನೇ ಕಾಯಿಸುತ್ತದೆ ಎಂಬುದನ್ನು ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಗೃಹಿಣಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಂಡಕ್ಷನ್ ಒಲೆಗೆ ಪಾತ್ರೆಯ ಬಗ್ಗೆ ಹಟವಿದೆ. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ಆಗುತ್ತದೆ, ಅಂಟದಿದ್ದರೆ ಆಗದು. ಎರಕದ ಕಬ್ಬಿಣ ಆಗುತ್ತದೆ. ಬರಿಯ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಮಡಕೆ, ಕಲ್ಲಿನ ಪಾತ್ರೆ ಆಗುವುದಿಲ್ಲ. ಅವು ಬೇಕೇ ಬೇಕೆನ್ನುವವರಿಗೆ ಇನ್‌ಫ್ರಾರೆಡ್ ಒಲೆ ಇದೆ. ಪಾತ್ರೆ ಇಳಿಸಿದೊಡನೆ ಮುಖ್ಯ ಸ್ವಿಚ್ಚನ್ನು ಆರಿಸಬೇಡಿ ಎಂಬ ಮಾತೂ ನೆನಪಿರಲಿ. ಒಲೆಯ ಗುಂಡಿ ಒತ್ತಿ ನಿಲ್ಲಿಸಿ, ಒಳಗಿನ ಫ್ಯಾನು ತಿರುಗಿ ನಿಂತ ಮೇಲೆ ಪ್ಲಗ್ಗಿನ ಸ್ವಿಚ್ಚು ಆರಿಸಿದರೆ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಹೆಚ್ಚು ಕಾಲ ಬಾಳುತ್ತವೆ.

ಈಗ ಮೂರನೆಯ ಭಾಗ: ನಮ್ಮ ಅಡುಗೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೋರುತ್ತೇನೆ.

ಅನ್ನದಿಂದ ಆರಂಭಿಸೋಣ. ಕಡಿಮೆ ಖರ್ಚಿನ ಅನ್ನವೆಂದರೆ ಅಳತೆಯ ನೀರಿನಲ್ಲಿ ಮುಚ್ಚಿ ಬೇಯಿಸಿದ ಅನ್ನ. ಹೆಚ್ಚು ನೀರಿಟ್ಟು ಗಂಜಿ ಬಸಿದರೆ ಆ ನೀರನ್ನು ಕಾಯಿಸಿದ ಶಾಖವೂ ಬಸಿದುಹೋಗುತ್ತದೆ. ಗಂಜಿಯನ್ನು ಉಣ್ಣುವ ಮನೆಗಳಿಗೆ ಈ ಆಕ್ಷೇಪಣೆ ಇಲ್ಲ. ವಿದ್ಯುತ್ ಅನ್ನದ ಕುಕ್ಕರು ಈ ಲೆಕ್ಕವನ್ನೇ ಯಂತ್ರವಾಗಿಸಿದ ವಸ್ತು. 1955ರಲ್ಲಿ ಜಪಾನಿನ ತೋಷಿಬಾ ಕಂಪನಿ ತಾನಾಗಿ ಆರುವ ಕುಕ್ಕರನ್ನು ಮಾರುಕಟ್ಟೆಗೆ ತಂದಾಗ ಅದರ ತತ್ತ್ವ ಇಷ್ಟೇ: ಪಾತ್ರೆಯಲ್ಲಿ ನೀರಿರುವ ತನಕ ತಾಪ ನೂರನ್ನು ದಾಟದು, ನೀರು ಇಂಗಿದೊಡನೆ ದಾಟುತ್ತದೆ, ಆಗ ಸ್ವಿಚ್ಚು ಬೀಳುತ್ತದೆ. ಮೊದಲ ಭಾಗದಲ್ಲಿ ನಾನು ಹೇಳಿದ ಭೌತಶಾಸ್ತ್ರವೇ ಅಲ್ಲಿ ಕಾವಲುಗಾರ. ಅನ್ನವಾದ ಮೇಲೆ ಕುಕ್ಕರು ‘ಬಿಸಿಯಾಗಿಡುವ’ ಸ್ಥಿತಿಗೆ ಹೋಗುತ್ತದೆ. ಗಂಟೆಗಟ್ಟಲೆ ಹಾಗೆ ಬಿಟ್ಟರೆ ಉಳಿಸಿದ್ದು ಕರಗುತ್ತದೆ; ಪ್ಲಗ್ ಕೀಳಿ.

ಕರಾವಳಿಯ ಕುಚ್ಚಲಕ್ಕಿಗೆ ಬೇರೆ ಉಪಾಯವಿದೆ. ಅದು ಬೇಯಲು ಹೊತ್ತು ಬೇಕು, ಉರಿ ಬೇಕಾಗಿಲ್ಲ. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಹಾಗೇ ಶಾಖ ಸೋರದ ಡಬ್ಬದೊಳಗೆ ಇಟ್ಟು ಮುಚ್ಚಿದರೆ ಅನ್ನ ತಾನಾಗಿ ಆಗುತ್ತದೆ. ಅಂಗಡಿಗಳಲ್ಲಿ ತರ್ಮಲ್ ಕುಕ್ಕರ್ ಎಂಬ ಹೆಸರಿನಲ್ಲಿ ಸಿಗುವುದು ಇದೇ. ಒಲೆ ಆರಿದ ಮೇಲೆ ನಡೆಯುವ ಅಡುಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಎರಡನೆಯದು ಬೇಳೆಕಾಳು. ಪ್ರೆಷರ್ ಕುಕ್ಕರಿನ ಒಳಗೆ ಒತ್ತಡ ಹೆಚ್ಚಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ 97 ಡಿಗ್ರಿ ದಾಟದ ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಂಥ ಎತ್ತರದ ಊರುಗಳಿಗೆ ಅದರ ಉಪಕಾರ ಇನ್ನೂ ದೊಡ್ಡದು. ಆದರೆ ನಮ್ಮಲ್ಲಿ ಕುಕ್ಕರಿನ ಗಡಿಯಾರವೆಂದರೆ ಸೀಟಿ. ಮೂರು ಸೀಟಿ, ಐದು ಸೀಟಿ ಎಂದು ಎಣಿಸುತ್ತೇವೆ. ಪ್ರತಿ ಸೀಟಿಯೂ ಹೆಚ್ಚಾದ ಹಬೆಯನ್ನು ಹೊರಕ್ಕೆ ಚೆಲ್ಲಿದ ಸದ್ದು. ಇಂಡಕ್ಷನ್ ಒಲೆಯಲ್ಲಿ ಉರಿ ಜೋರಿದ್ದರೆ ಸೀಟಿಗಳು ಬೇಗ ಬೇಗ ಕೂಗುತ್ತವೆ, ಕಾಳು ಮಾತ್ರ ಬೆಂದಿರುವುದಿಲ್ಲ. ‘ಇಂಡಕ್ಷನ್ನಲ್ಲಿ ಬೇಳೆ ಬೇಯಲ್ಲ’ ಎಂಬ ದೂರು ಹುಟ್ಟುವುದು ಇಲ್ಲಿ. ಮೊದಲ ಸೀಟಿ ಬಂದೊಡನೆ ವಾಟನ್ನು ತಗ್ಗಿಸಿ ನಿಮಿಷದ ಲೆಕ್ಕದಲ್ಲಿ ಬೇಯಿಸಿ, ಆಮೇಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಿ. ಆ ಇಳಿಯುವ ಹೊತ್ತಿನಲ್ಲೂ ಬೇಳೆ ಬೇಯುತ್ತಿರುತ್ತದೆ. ಕಡಲೆಕಾಳು, ಹುರುಳಿ, ಅವರೆಕಾಳುಗಳನ್ನು ರಾತ್ರಿ ನೆನೆಹಾಕಿದರೆ ಒಲೆಯ ಕೆಲಸದಲ್ಲಿ ಒಂದು ಪಾಲನ್ನು ಬಿಟ್ಟಿಯಾಗಿ ನೀರು ಮಾಡಿಕೊಡುತ್ತದೆ. ಕುಕ್ಕರಿನೊಳಗೆ ಬಟ್ಟಲುಗಳನ್ನು ಒಂದರ ಮೇಲೊಂದಿಟ್ಟು ಅನ್ನ, ಬೇಳೆ, ತರಕಾರಿಯನ್ನು ಒಟ್ಟಿಗೆ ಬೇಯಿಸುವ ನಮ್ಮ ರೂಢಿ ಶಕ್ತಿಯ ದೃಷ್ಟಿಯಿಂದ ಬಹಳ ಜಾಣತನದ್ದು. ಅದನ್ನು ಬಿಡಬೇಡಿ.

ಮೂರನೆಯದು ರಾಗಿಮುದ್ದೆ. ಎಸರು ಕುದಿಗೆ ಬಂದು ಹಿಟ್ಟು ಹಾಕಿದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಡುವುದು ನಮ್ಮ ಹಳ್ಳಿಗಳ ಹಳೆಯ ಕ್ರಮ. ಅದು ಇಂಡಕ್ಷನ್ ಒಲೆಗೆ ಹೇಳಿ ಮಾಡಿಸಿದಂತಿದೆ. ಒಂದೇ ಎಚ್ಚರವೆಂದರೆ, ಕೋಲಿನಿಂದ ತೊಳಸುವಾಗ ಗಾಜಿನ ಮೇಲೆ ಬಲ ಬಿಡಬಾರದು. ಪಾತ್ರೆಯನ್ನು ನೆಲಕ್ಕೆ ಅಥವಾ ಮಣೆಯ ಮೇಲೆ ಇಳಿಸಿ ತೊಳಸಬೇಕು. ಹಾಗೆ ಇಳಿಸುವಾಗ ಒಲೆ ತಾನೇ ಪಾತ್ರೆಯಿಲ್ಲವೆಂದು ತಿಳಿದು ಶಾಖ ನಿಲ್ಲಿಸುತ್ತದೆ. ಅಗ್ಗದ ಒಲೆಗಳು ಸಣ್ಣ ಉರಿಯನ್ನು ಕೊಡುವುದು ಬಿಟ್ಟು ಬಿಟ್ಟು. ಕೆಲವು ಸೆಕೆಂಡು ಜೋರಾಗಿ ಉರಿದು ಕೆಲವು ಸೆಕೆಂಡು ಸುಮ್ಮನಿರುತ್ತವೆ. ತಳ ದಪ್ಪವಿರುವ ಪಾತ್ರೆ ಈ ಏರಿಳಿತವನ್ನು ತಡೆದು ತಳಹಿಡಿಯದಂತೆ ಕಾಯುತ್ತದೆ.

ದೋಸೆಯ ಕಾವಲಿ ಎರಕದ ಕಬ್ಬಿಣದ್ದಾದರೆ ನಡುವಿನ ಉರಿಯಲ್ಲಿ ನಿಧಾನವಾಗಿ ಕಾಯಿಸಿ. ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ನಡುಭಾಗ ಮಾತ್ರ ಸುಡುತ್ತದೆ, ಕಾವಲಿ ಬಿರಿಯಲೂಬಹುದು. ಕಾದ ಮೇಲೆ ಆ ಕಬ್ಬಿಣ ಶಾಖವನ್ನು ಚೆನ್ನಾಗಿ ಹಿಡಿದಿಡುವುದರಿಂದ, ಕೊನೆಯ ದೋಸೆಯನ್ನು ಒಲೆ ಆರಿಸಿದ ಮೇಲೆ ಹುಯ್ಯಬಹುದು. ಮನೆಯವರೆಲ್ಲ ಒಟ್ಟಿಗೆ ಕೂತರೆ ಕಾವಲಿ ಒಮ್ಮೆ ಕಾದರೆ ಸಾಕು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎದ್ದು ಬಂದರೆ ಅಷ್ಟು ಸಲವೂ ಕಾಯಬೇಕು.

ಎಲ್ಲವೂ ಈ ಒಲೆಯಲ್ಲಿ ಆಗುತ್ತದೆಂದು ನಾನು ಹೇಳುವುದಿಲ್ಲ. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ಜೋಳದ ರೊಟ್ಟಿಯನ್ನು ಕೊನೆಗೆ ಉರಿಗೆ ಹಿಡಿದು ಉಬ್ಬಿಸುವುದು ಬೆಂಕಿಯ ಕೆಲಸಗಳೇ. ಅವಕ್ಕೆ ಗ್ಯಾಸು ಇರಲಿ. ಒಂದು ಲೋಟ ನೀರಿಗೆ ಕೆಟಲ್, ಒಂದು ಬಟ್ಟಲು ಸಾರು ಬಿಸಿಮಾಡಲು ಮೈಕ್ರೋವೇವ್, ಕುದಿಸಿ ಬೇಯಿಸುವುದಕ್ಕೆ ಇಂಡಕ್ಷನ್, ಸುಡುವುದಕ್ಕೆ ಉರಿ ಎಂದು ಹಂಚಿಕೊಳ್ಳುವುದು ವಿವೇಕ.

ಇನ್ನು ಕೊನೆಯ ಭಾಗ: ದುಡ್ಡು, ತಂತಿ, ನಾಡು.

ಸಿಲಿಂಡರಿಗೂ ಯೂನಿಟ್ಟಿಗೂ ಹೋಲಿಕೆ ಹೇಗೆ ಮಾಡುವುದು? 14.2 ಕಿಲೋ ಗ್ಯಾಸಿನಲ್ಲಿರುವ ಒಟ್ಟು ಶಾಖ ಸುಮಾರು 180 ಯೂನಿಟ್ಟಿಗೆ ಸಮ. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಅದರ ಮೂರರಲ್ಲಿ ಎರಡು ಪಾಲು, ಎಂದರೆ 120 ಯೂನಿಟ್ಟಿನಷ್ಟು, ಪಾತ್ರೆಗೆ ಸೇರುತ್ತದೆ. ಅಷ್ಟೇ ಕೆಲಸಕ್ಕೆ ಇಂಡಕ್ಷನ್ ಒಲೆ ಸುಮಾರು 140 ಯೂನಿಟ್ ಎಳೆಯುತ್ತದೆ. ಆದ್ದರಿಂದ ನಿಮ್ಮ ಊರಿನ ಸಿಲಿಂಡರಿನ ಬೆಲೆಯನ್ನು 140ರಿಂದ ಭಾಗಿಸಿ. ಬಂದ ಉತ್ತರ ನಿಮ್ಮ ಯೂನಿಟ್ ದರಕ್ಕಿಂತ ಹೆಚ್ಚಿದ್ದರೆ ವಿದ್ಯುತ್ತು ಅಗ್ಗ; ಕಡಿಮೆಯಿದ್ದರೆ ಗ್ಯಾಸು ಅಗ್ಗ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿಯನ್ನೂ ಸೇರಿಸಬೇಕು. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ಎಲ್ಲರಿಗೂ 200 ಯೂನಿಟ್ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10 ಎಂಬುದು 2023ರ ಮೂಲ ನಿಯಮವಾಗಿತ್ತು. ಆ ನಿಯಮದಂತೆ ಸರಾಸರಿ 80 ಯೂನಿಟ್ ಬಳಸುವ ಮನೆಗೆ 88 ಉಚಿತ. ಆ ಮನೆಯವರು ಸಿಲಿಂಡರನ್ನು ಒಂದೂವರೆ ತಿಂಗಳು ಓಡಿಸುವವರಾಗಿದ್ದು ಅಡುಗೆಯನ್ನೆಲ್ಲ ಇಂಡಕ್ಷನ್ನಿಗೆ ತಂದರೆ, ತಿಂಗಳಿಗೆ 90ಕ್ಕೂ ಹೆಚ್ಚು ಯೂನಿಟ್ ಸೇರಿ ಬಳಕೆ 170 ದಾಟುತ್ತದೆ. 88ರ ಮೇಲಿನದಕ್ಕೆ ಹಣ ಕಟ್ಟಬೇಕು. ತಿಂಗಳಿಗೊಂದು ಸಿಲಿಂಡರು ಮುಗಿಸುವ ಮನೆಯಾದರೆ ಬಳಕೆ 220ಕ್ಕೆ ಹೋಗಿ, 200ರ ಗೆರೆ ದಾಟಿದ್ದಕ್ಕೆ ಪೂರ್ತಿ ಬಿಲ್ಲೇ ಮನೆಯವರ ಪಾಲಾಗುತ್ತದೆ. ಬೆಳಗಿನ ಕಾಫಿ, ಅನ್ನ, ಬೇಳೆ ಮಾತ್ರ ವಿದ್ಯುತ್ತಿಗೆ, ಉಳಿದದ್ದು ಗ್ಯಾಸಿಗೆ ಎಂದು ಹಂಚಿಕೊಳ್ಳಲು ಇದೂ ಒಂದು ಕಾರಣ.

ವೈರಿಂಗಿನ ಬಗ್ಗೆ ಎರಡೇ ಮಾತು. 2,000 ವಾಟಿನ ಒಲೆ ಸುಮಾರು 9 ಆಂಪಿಯರು ಎಳೆಯುತ್ತದೆ. ದೀಪದ ಸಾಲಿನ ಸಣ್ಣ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. ಅರ್ಥಿಂಗ್ ಇರುವ 16 ಆಂಪಿಯರಿನ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ತಾಮ್ರದ ತಂತಿ ಬೇಕು. ಪ್ಲಗ್ಗು ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೆ ಅಲ್ಲಿ ಯೂನಿಟ್ಟೂ ಸೋರುತ್ತಿದೆ, ಅಪಾಯವೂ ಕಾದಿದೆ.

ಇನ್ನು ನಾಡಿನ ಮಾತು. ರಾಯಚೂರಿನಂಥ ಕಲ್ಲಿದ್ದಲ ಸ್ಥಾವರದಲ್ಲಿ ಕಲ್ಲಿದ್ದಲ ಶಾಖದ ಮೂರನೆಯ ಒಂದು ಭಾಗವಷ್ಟೇ ವಿದ್ಯುತ್ತಾಗುತ್ತದೆ. ದಾರಿಯಲ್ಲಿ ತಂತಿಗಳ ನಷ್ಟ ಬೇರೆ. ಅಷ್ಟು ಕಷ್ಟದಿಂದ ಬಂದ ವಿದ್ಯುತ್ತನ್ನು ಮುಚ್ಚಳವಿಲ್ಲದ ಪಾತ್ರೆಯ ಕೆಳಗೆ ಮತ್ತೆ ಹಬೆ ಮಾಡುವುದು ಯಾವ ಲೆಕ್ಕಕ್ಕೂ ಸಲ್ಲದು. ಆದರೆ ನಮ್ಮ ರಾಜ್ಯದಲ್ಲಿ ಶರಾವತಿಯ ನೀರೂ ಇದೆ, ಚಿತ್ರದುರ್ಗ–ಗದಗದ ಗಾಳಿಯೂ ಇದೆ, ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕೂ ಇದೆ. ನೆತ್ತಿಯ ಮೇಲೆ ಬಿಸಿಲಿರುವಾಗ ವಿದ್ಯುತ್ತು ಹೇರಳ. ಬೆಳಗಿನ ಹೊತ್ತು, ದೀಪ ಹಚ್ಚುವ ಹೊತ್ತು ಬೇಡಿಕೆ ಬಿಗಿ. ಕಾಳು ಬೇಯಿಸುವುದು, ಹಾಲು ಕಾಯಿಸುವುದು ಮುಂತಾಗಿ ಮುಂದೂಡಬಹುದಾದ ಕೆಲಸವನ್ನು ಹಗಲಿಗೆ ಒಯ್ದರೆ ಅದು ನಾಡಿಗೆ ಮಾಡಿದ ಉಪಕಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಒಂದೇ ಉರಿಗೆ ಮೂರು ಪಾತ್ರೆ ಕೂರುವ, ಹೊಗೆಗೆ ಕೊಳವೆಯಿರುವ ಅಸ್ತ್ರ ಒಲೆ ಅಲ್ಲಿಂದಲೇ ನಮ್ಮ ಹಳ್ಳಿಗಳಿಗೆ ಬಂತು. ಜನಕ್ಕೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಂದ ಅನ್ನ ಮತ್ತು ಬೆಳಕು. ಅದನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಕೊಡಬಹುದೆಂದು ಯೋಚಿಸಬೇಕು ಎಂಬುದು ಅವರ ಚಿಂತನೆಯ ಸಾರ. ಸೌದೆ ಒಲೆಗೆ ಅಂದು ದೊಡ್ಡ ವಿಜ್ಞಾನಿಗಳು ಕೊಟ್ಟ ಗಮನ ಇಂದು ವಿದ್ಯುತ್ ಒಲೆಗೂ ಸಲ್ಲಬೇಕು.

ಆದ್ದರಿಂದ ಇಲ್ಲಿನ ಗೃಹವಿಜ್ಞಾನ ವಿಭಾಗಕ್ಕೆ ನನ್ನದೊಂದು ಮನವಿ. ಪ್ಲಗ್ಗಿಗೂ ಒಲೆಗೂ ನಡುವೆ ಸಿಕ್ಕಿಸುವ ಸಣ್ಣ ಮೀಟರುಗಳು ಈಗ ಸುಲಭವಾಗಿ ಸಿಗುತ್ತವೆ. ನಾಲ್ವರಿಗೆ ಅನ್ನ, ಸಾರು, ಪಲ್ಯ ಮಾಡಲು ಎಷ್ಟು ಯೂನಿಟ್ ತಗಲುತ್ತದೆ, ಮುಚ್ಚಳ ಹಾಕಿದಾಗ ಎಷ್ಟು, ಹಾಕದಾಗ ಎಷ್ಟು, ನೆನೆಸಿದ ಕಾಳಿಗೆ ಎಷ್ಟು, ನೆನೆಸದ ಕಾಳಿಗೆ ಎಷ್ಟು ಎಂದು ವಿದ್ಯಾರ್ಥಿಗಳೇ ಅಳೆದು ಬರೆಯಲಿ. ರಾಗಿಮುದ್ದೆಯಿಂದ ಜೋಳದ ರೊಟ್ಟಿಯವರೆಗೆ ನಮ್ಮ ಊಟಕ್ಕೆ ಹೊಂದುವ ಒಂದು ಪಟ್ಟಿ ಕನ್ನಡದಲ್ಲಿ ಅಚ್ಚಾಗಲಿ. ಒಲೆ ಮಾರುವ ಪ್ರತಿ ಅಂಗಡಿಯ ಗೋಡೆಯ ಮೇಲೆ ಅದು ಇರಲಿ. ಮನೆಯವರಿಗೆ ನನ್ನ ಬಿನ್ನಹ ಇನ್ನೂ ಚಿಕ್ಕದು: ಹೊಸ ಒಲೆ ಕೊಳ್ಳುವ ಮುನ್ನ ಇರುವ ಪಾತ್ರೆಗಳಿಗೆಲ್ಲ ಸರಿಹೊಂದುವ ಮುಚ್ಚಳ ಹುಡುಕಿಕೊಳ್ಳಿ, ಕುದಿ ಬಂದೊಡನೆ ಉರಿ ತಗ್ಗಿಸಿ. ಇವೆರಡಕ್ಕೆ ಖರ್ಚಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ.